ಹೆಸರಲ್ಲೇ ಪಾಕವಿಧಾನ: ಮಾಲಿ ದೇಶದ ಅಡುಗೆ, ಪಾನಕ ಮತ್ತು ಚಹಾ ಮಾಡುವ ಕ್ರಮ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಅಡುಗೆಯನ್ನು ಕಲಿಯಹೊರಟವರು ಒಲೆ ಹಚ್ಚುವ ಮೊದಲು ಬಂಬಾರಾ ಭಾಷೆಯ ನಾಲ್ಕಾರು ಪದಗಳನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಆಡುವ ಈ ಭಾಷೆಯಲ್ಲಿ ‘ನ’ ಎಂದರೆ ಮುದ್ದೆಗೋ ಅನ್ನಕ್ಕೋ ಜೊತೆಯಾಗುವ ಗಟ್ಟಿ ಸಾರು, ‘ಜಿ’ ಎಂದರೆ ನೀರು, ‘ಮುಗು’ ಎಂದರೆ ಪುಡಿ, ‘ತಿಗ’ ಎಂದರೆ ಶೇಂಗಾ, ‘ದೆಗೆ’ ಎಂದರೆ ನುಣ್ಣಗೆ ಅರೆದದ್ದು. ‘ತಿಗದೆಗೆನ’ ಎಂಬ ಹೆಸರನ್ನು ಬಿಡಿಸಿದರೆ ಅರೆದ ಶೇಂಗಾದ ಸಾರು ಎಂದಾಗುತ್ತದೆ. ‘ನ್ಯಾಮಕುಜಿ’ಯನ್ನು ಬಿಡಿಸಿದರೆ ಶುಂಠಿ ನೀರು. ಊಟದ ಹೆಸರೇ ಅದರಲ್ಲಿ ಏನಿದೆ, ಅದು ಯಾವ ಹದದಲ್ಲಿದೆ ಎಂಬುದನ್ನು ಹೇಳಿಬಿಡುತ್ತದೆ. ಮಾಲಿಯ ಊಟದ ಕಟ್ಟಡವೂ ಇಷ್ಟೇ ಸರಳವಾದದ್ದು: ಒಂದು ಧಾನ್ಯ, ಅದರ ಮೇಲೆ ಒಂದು ‘ನ’, ಕೊನೆಗೆ ಒಂದು ‘ಜಿ’ ಅಥವಾ ಚಹಾ. ಈ ಬರಹದ ಕ್ರಮವೂ ಅದೇ.

ಧಾನ್ಯಗಳ ವಿಷಯದಲ್ಲಿ ಮಾಲಿ ಸಾಮಾನ್ಯ ನೆಲವಲ್ಲ. ದೇಶದ ಈಶಾನ್ಯದ ತಿಲೆಮ್ಸಿ ಕಣಿವೆಯಲ್ಲಿ ಸುಮಾರು 4,500 ವರ್ಷಗಳಷ್ಟು ಹಳೆಯ, ಜನರೇ ಬೆಳೆಸಿದ ಸಜ್ಜೆಯ ಕುರುಹುಗಳು ದೊರೆತಿವೆ. ಏಷ್ಯಾದ ಭತ್ತಕ್ಕಿಂತ ಬೇರೆಯಾದ ಆಫ್ರಿಕನ್ ಭತ್ತವೆಂಬ ಇನ್ನೊಂದು ಜಾತಿಯನ್ನು ನೈಜರ್ ನದಿಯ ಒಳನಾಡಿನ ಜೌಗು ಬಯಲಿನಲ್ಲಿ ಸುಮಾರು 3,000 ವರ್ಷಗಳ ಹಿಂದೆಯೇ ಪಳಗಿಸಲಾಗಿತ್ತು ಎಂಬುದು ಬಹುಕಾಲದಿಂದ ವಿದ್ವಾಂಸರು ಹೇಳುತ್ತ ಬಂದಿರುವ ಮಾತು. ಇವುಗಳ ಜೊತೆಗೆ ಜೋಳ, ಮೆಕ್ಕೆಜೋಳ ಮತ್ತು ಸಾಸಿವೆಗಿಂತಲೂ ಸಣ್ಣದಾದ ಫೋನಿಯೊ ಸೇರಿದರೆ ಅಲ್ಲಿನ ಕಣಜ ತುಂಬಿತು. ಮಳೆ ಜೂನ್‌ನಿಂದ ಅಕ್ಟೋಬರ್ ವರೆಗೆ ಮಾತ್ರ ಬರುವ ನಾಡಾದ್ದರಿಂದ, ಉಳಿದ ತಿಂಗಳುಗಳಿಗಾಗಿ ಬೆಂಡೆಕಾಯಿ, ಸೊಪ್ಪು, ಮೀನು, ಈರುಳ್ಳಿ ಎಲ್ಲವನ್ನೂ ಒಣಗಿಸಿ ಇಡುವುದು ಅಲ್ಲಿನ ಅಡುಗೆಮನೆಯ ಶಿಸ್ತು. ಒಣಗಿಸಿದ್ದು ಹಸಿಯದರ ಬದಲಿಗೆ ಬಂದ ಎರಡನೆಯ ದರ್ಜೆಯ ಪದಾರ್ಥ ಎಂಬ ಭಾವನೆ ಬೇಡ. ಅನೇಕ ಸಾರುಗಳಿಗೆ ಒಣಗಿದ ಪುಡಿಯೇ ಬೇಕು, ಹಸಿಯದು ಆಗದು.

ತೊ: ದಿನನಿತ್ಯದ ಮುದ್ದೆ

ಹಳ್ಳಿಗಳಲ್ಲಿ ಊಟವೆಂದರೆ ‘ತೊ’. ಇದು ಸಜ್ಜೆ, ಜೋಳ ಅಥವಾ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ರಾಗಿಮುದ್ದೆ ತಿರುವಿ ಅಭ್ಯಾಸವಿರುವ ಕೈಗೆ ಇದು ಹೊಸತೆನಿಸಲಾರದು, ಆದರೆ ಎರಡು ವಿಷಯಗಳಲ್ಲಿ ಇದರ ದಾರಿ ಬೇರೆ. ಮೊದಲನೆಯದು, ಕುದಿಯುವ ನೀರಿಗೆ ಹಿಟ್ಟನ್ನು ನೇರವಾಗಿ ಸುರಿಯುವುದಿಲ್ಲ; ಮೊದಲು ತೆಳ್ಳನೆಯ ಗಂಜಿಯೊಂದನ್ನು ಕಾಯಿಸಿ, ಆ ಗಂಜಿಯೊಳಗೆ ಉಳಿದ ಹಿಟ್ಟನ್ನು ಕಟ್ಟುತ್ತಾರೆ. ಎರಡನೆಯದು, ಮಾಲಿಯಲ್ಲಿ ಈ ನೀರಿಗೆ ಬೂದಿಯಿಂದ ಇಳಿಸಿದ ಕ್ಷಾರವನ್ನು ಸೇರಿಸುವ ರೂಢಿಯಿದೆ. ನೆರೆಯ ಬುರ್ಕಿನಾ ಫಾಸೊದಲ್ಲಿ ಇದಕ್ಕೆ ನೇರ ವಿರುದ್ಧವಾಗಿ ಹುಣಸೆಯ ಹುಳಿಯನ್ನು ಹಾಕುತ್ತಾರೆ. ಒಂದೇ ಹಿಟ್ಟು, ಒಂದೇ ಹೆಸರು, ಗಡಿ ದಾಟಿದೊಡನೆ ಕ್ಷಾರ ಹೋಗಿ ಹುಳಿ ಬರುವುದು ನನಗೆ ಯಾವಾಗಲೂ ಸೋಜಿಗವೆನಿಸಿದೆ. ಕ್ಷಾರ ಸೇರಿದಾಗ ಮುದ್ದೆಯ ಬಣ್ಣ ಗಾಢವಾಗುತ್ತದೆ ಮತ್ತು ಅದಕ್ಕೆ ತನ್ನದೇ ಆದ ಒಂದು ರುಚಿ ಬರುತ್ತದೆ.

ಆರು ಜನರಿಗೆ 400 ಗ್ರಾಂ ಸಜ್ಜೆ ಅಥವಾ ಜೋಳದ ನುಣುಪಾದ ಹಿಟ್ಟು ಮತ್ತು ಒಟ್ಟು ಸುಮಾರು ಒಂದು ಮುಕ್ಕಾಲು ಲೀಟರ್ ನೀರು ಸಾಕು. ಒಂದೂವರೆ ಲೀಟರ್ ನೀರನ್ನು ದಪ್ಪ ತಳದ ಪಾತ್ರೆಯಲ್ಲಿ ಕುದಿಯಲು ಇಟ್ಟು, ಉಳಿದ ತಣ್ಣೀರಿನಲ್ಲಿ 100 ಗ್ರಾಂ ಹಿಟ್ಟನ್ನು ಗಂಟಿಲ್ಲದಂತೆ ಕದಡಿಕೊಳ್ಳಬೇಕು. ಬೂದಿ ನೀರಿನ ಬದಲು ಒಂದು ಚಿಟಿಕೆ ಅಡುಗೆ ಸೋಡಾವನ್ನು ಈ ಕದಡಿದ ಹಿಟ್ಟಿಗೆ ಹಾಕಬಹುದು. ಚಿಟಿಕೆ ದಾಟಿದರೆ ಮುದ್ದೆ ಸಾಬೂನಿನ ರುಚಿ ಕೊಡುತ್ತದೆ. ನೀರು ಕುದಿ ಬಂದಾಗ ಇದನ್ನು ಸುರಿದು, ಬಿಡದೆ ತಿರುವುತ್ತ ಎಂಟು ನಿಮಿಷ ಕಾಯಿಸಿದರೆ ಹಿಟ್ಟಿನ ಹಸಿ ವಾಸನೆ ಹೋಗಿ ಹೊಳಪುಳ್ಳ ಗಂಜಿಯಾಗುತ್ತದೆ. ಈಗ ಅದರಲ್ಲಿ ಒಂದು ದೊಡ್ಡ ಬಟ್ಟಲಿನಷ್ಟನ್ನು ತೆಗೆದು ಪಕ್ಕಕ್ಕೆ ಇಡಬೇಕು. ಹೊಸಬರು ಬಿಟ್ಟುಬಿಡುವ ಹೆಜ್ಜೆ ಇದೇ, ತೊ ಕೆಡುವುದೂ ಇದರಿಂದಲೇ.

ಉಳಿದ ಗಂಜಿ ಸಣ್ಣ ಉರಿಯ ಮೇಲಿರುವಾಗ, ಉಳಿದ ಹಿಟ್ಟನ್ನು ಒಂದೊಂದೇ ಹಿಡಿಯಾಗಿ ಉದುರಿಸುತ್ತ, ಪ್ರತಿ ಹಿಡಿಯ ನಂತರವೂ ಮರದ ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಬಡಿಯಬೇಕು. ಮುದ್ದೆ ಬಿರುಸಾಗಿ ಕೋಲು ಸಿಕ್ಕಿಕೊಳ್ಳುವಂತಾದರೆ ಪಕ್ಕಕ್ಕೆ ತೆಗೆದಿಟ್ಟ ಗಂಜಿಯಿಂದ ಒಂದು ಸೌಟು ಸೇರಿಸಬೇಕು, ಬರಿಯ ನೀರನ್ನಲ್ಲ. ಬೆಂದ ಗಂಜಿ ಮುದ್ದೆಯೊಳಗೆ ಬೆರೆತುಹೋಗುತ್ತದೆ. ಬರಿಯ ನೀರು ಬೆರೆಯದೆ ಉಳಿದು, ಆರಿದ ಮೇಲೆ ಮುದ್ದೆಯಿಂದ ಬೇರ್ಪಟ್ಟು ಬಟ್ಟಲಿನ ತಳದಲ್ಲಿ ನಿಲ್ಲುತ್ತದೆ. ಹಿಟ್ಟೆಲ್ಲ ಸೇರಿದ ಮೇಲೆ ಮುಚ್ಚಳ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬಿಟ್ಟರೆ ಸಾಕು. ಒದ್ದೆ ಮಾಡಿದ ಸೋರೆಬುರುಡೆಯ ಸೌಟಿನಿಂದ ಪದರ ಪದರವಾಗಿ ತೆಗೆದು ಬಟ್ಟಲಿಗೆ ಹಾಕುವುದು ಕ್ರಮ. ಬೆರಳಿಟ್ಟು ಮುರಿದಾಗ ಅಂಟದೆ, ಮುರಿದ ಅಂಚು ನುಣ್ಣಗೆ ನಿಂತರೆ ಹದ ಸರಿಯಾಗಿದೆ. ಉಳಿದದ್ದನ್ನು ಮರುದಿನ ಬೆಳಿಗ್ಗೆ ತಿನ್ನುವ ವಾಡಿಕೆಯಿರುವುದರಿಂದ, ರಾತ್ರಿ ಕಳೆದರೂ ನೀರು ಬಿಡದೆ ಗಟ್ಟಿಯಾಗಿ ನಿಲ್ಲುವ ತೊ ಮಾಡುವವಳಿಗೆ ಊರಿನಲ್ಲಿ ಹೆಸರಿರುತ್ತದೆ.

ಇದರ ಮೇಲೆ ಬೀಳುವುದು ಬೆಂಡೆಯ ಸಾರು ಅಥವಾ ಬಾವೊಬಾಬ್ ಎಲೆಯ ಸಾರು. ಬಾವೊಬಾಬ್ ಎಂದರೆ ಕನ್ನಡಿಗರು ದೊಡ್ಡ ಹುಣಸೆ ಎಂದು ಕರೆಯುವ ಆ ದೈತ್ಯ ಮರ. ಅದರ ಎಳೆಯ ಎಲೆಗಳನ್ನು ಒಣಗಿಸಿ ಕುಟ್ಟಿದ ಹಸಿರು ಪುಡಿಯನ್ನು ಕುದಿಯುವ ಸಾರಿಗೆ ಉದುರಿಸಿದ ಕೂಡಲೇ ಅದು ಲೋಳೆಯಾಗಿ ಗಟ್ಟಿಯಾಗುತ್ತದೆ. ಲೋಳೆ ಇಲ್ಲಿ ದೋಷವಲ್ಲ, ಗುಣ: ಒರಟು ಧಾನ್ಯದ ಮುದ್ದೆ ಗಂಟಲಿನಲ್ಲಿ ಜಾರಬೇಕಾದರೆ ಅದು ಬೇಕು. ಬೆಂಡೆಯನ್ನು ಹುರಿದು ಅಂಟು ತೆಗೆಯುವ ಅಭ್ಯಾಸವುಳ್ಳವರು ಅದನ್ನು ಈ ಅಡುಗೆಯ ಮಟ್ಟಿಗೆ ಮರೆಯಬೇಕು. ಸಾರಿಗೆ ಸ್ವಲ್ಪ ಮಾಂಸ ಅಥವಾ ಹೊಗೆಯಾಡಿಸಿದ ಮೀನು, ಈರುಳ್ಳಿ, ಉಪ್ಪು, ಮೆಣಸಿನಕಾಯಿ ಹಾಕಿ ಬೇಯಿಸಿ, ಕೊನೆಯ ಐದು ನಿಮಿಷದಲ್ಲಿ ಎರಡು ಮೂರು ಚಮಚ ಎಲೆಯ ಪುಡಿಯನ್ನೋ ಸಣ್ಣಗೆ ಕುಟ್ಟಿದ 250 ಗ್ರಾಂ ಬೆಂಡೆಯನ್ನೋ ಸೇರಿಸಿದರೆ ಮುಗಿಯಿತು.

ಸುಂಬಲ ಎಂಬ ವಾಸನೆ

ಈ ಸಾರುಗಳ ಜೀವ ಇರುವುದು ಸುಂಬಲದಲ್ಲಿ. ನೆರೆ ಎಂಬ ಮರದ ಬೀಜಗಳನ್ನು ಸುಮಾರು ಒಂದು ದಿನವಿಡೀ ಬೇಯಿಸಿ, ಗಟ್ಟಿ ಸಿಪ್ಪೆಯನ್ನು ಉಜ್ಜಿ ತೆಗೆದು, ಮತ್ತೆ ಬೇಯಿಸಿ, ಎಲೆ ಅಥವಾ ಬಟ್ಟೆ ಹೊದಿಸಿ ಎರಡು ಮೂರು ದಿನ ಹುದುಗಲು ಬಿಟ್ಟರೆ ಸುಂಬಲವಾಗುತ್ತದೆ. ಅದನ್ನು ಕುಟ್ಟಿ ಕರಿಯ ಉಂಡೆ ಕಟ್ಟಿ ಒಣಗಿಸಿ ಮಾರುತ್ತಾರೆ. ಜಪಾನಿನವರು ಸೋಯಾ ಕಾಳನ್ನು ಹುದುಗಿಸಿ ನಾಟೊ ಮಾಡುವ ಬ್ಯಾಸಿಲಸ್ ಸೂಕ್ಷ್ಮಾಣುವೇ ಇಲ್ಲಿಯೂ ಕೆಲಸ ಮಾಡುತ್ತದೆ. ಹಸಿ ಉಂಡೆಯ ವಾಸನೆ ಮೊದಲ ಸಲ ಮೂಗಿಗೆ ಬಡಿದವರಿಗೆ ಇದನ್ನು ಯಾರಾದರೂ ತಿನ್ನುತ್ತಾರೆಯೇ ಎನಿಸುವುದು ಸಹಜ. ಎಣ್ಣೆಯಲ್ಲಿ ಈರುಳ್ಳಿಯ ಜೊತೆ ಒಂದು ಕ್ಷಣ ಬಾಡಿದ ಮೇಲೆ ಅದೇ ವಾಸನೆ ಮಾಂಸದ ಘಮವಾಗಿ ತಿರುಗುತ್ತದೆ. ಆರು ಜನರ ಸಾರಿಗೆ ನೆಲ್ಲಿಕಾಯಿ ಗಾತ್ರದ ಅರ್ಧ ಉಂಡೆ ಸಾಕು. ಸುಂಬಲ ಸಿಗದಿದ್ದರೆ ಚೆನ್ನಾಗಿ ತೊಳೆದು ಕುಟ್ಟಿದ ಒಣಮೀನಿನ ಒಂದು ಚಮಚ ಆ ಜಾಗವನ್ನು ಸ್ವಲ್ಪ ಮಟ್ಟಿಗೆ ತುಂಬುತ್ತದೆ. ಇಂದಿನ ರಾಜಧಾನಿ ಬಮಾಕೊದ ಅನೇಕ ಮನೆಗಳಲ್ಲಿ ಅಂಗಡಿಯಿಂದ ತಂದ ಮಸಾಲೆ ಬಿಲ್ಲೆ ಆ ಜಾಗಕ್ಕೆ ಬಂದು ಕುಳಿತಿದೆ. ಅದು ಉಪ್ಪನ್ನು ತರುತ್ತದೆ, ಆಳವನ್ನು ತರುವುದಿಲ್ಲ.

ಇಂಥದ್ದೇ ಇನ್ನೊಂದು ಉಂಡೆ ಬಂದಿಯಾಗರದ ಕಡಿದಾದ ಬಂಡೆಗಳ ನಾಡಿನಲ್ಲಿರುವ ಡೋಗೊನ್ ಜನರದು. ಅವರು ಬೆಳೆಯುವ ಸಣ್ಣ ಈರುಳ್ಳಿಯನ್ನು ಕಲ್ಲಿನ ಮೇಲೆ ಜಜ್ಜಿ, ಉಂಡೆ ಮಾಡಿ ಬಿಸಿಲಿಗೆ ಇಡುತ್ತಾರೆ. ಒಣಗುವಾಗಲೇ ಅದು ಸ್ವಲ್ಪ ಹುದುಗುವುದರಿಂದ ಹಸಿ ಈರುಳ್ಳಿಗಿಲ್ಲದ ಒಂದು ಸಿಹಿ ಘಾಟು ಅದಕ್ಕಿದೆ.

ತಿಗದೆಗೆನ: ಅರೆದ ಶೇಂಗಾದ ಸಾರು

ಮಾಲಿಯ ಒಂದೇ ಒಂದು ಅಡುಗೆಯನ್ನು ಕಲಿಯುವುದಾದರೆ ಇದನ್ನೇ ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ. ನೆರೆಯ ಸೆನೆಗಲ್ ಮತ್ತು ಹೊರಜಗತ್ತು ಇದನ್ನು ‘ಮಾಫೆ’ ಎಂದು ಕರೆಯುತ್ತವೆ. ಶೇಂಗಾ ದಕ್ಷಿಣ ಅಮೆರಿಕದಿಂದ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಆಫ್ರಿಕಾಕ್ಕೆ ಬಂದ ಬೆಳೆ. ಆದರೂ ಈಗ ಅದಿಲ್ಲದ ಮಾಲಿಯ ಅಡುಗೆಯನ್ನು ಊಹಿಸಿಕೊಳ್ಳುವುದೇ ಕಷ್ಟ.

ಮೊದಲು ‘ತಿಗದೆಗೆ’ ಸಿದ್ಧವಾಗಬೇಕು. 250 ಗ್ರಾಂ ಶೇಂಗಾವನ್ನು ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವಂತೆ ಹುರಿದು, ಅಂಗೈಯಲ್ಲಿ ಉಜ್ಜಿ ಸಿಪ್ಪೆ ತೆಗೆದು ಮೊರದಲ್ಲಿ ಕೇರಿ, ಎಣ್ಣೆಬಿಟ್ಟು ಹರಿಯುವಷ್ಟು ನುಣ್ಣಗೆ ಅರೆಯಬೇಕು. ಮಿಕ್ಸಿಯಲ್ಲಿ ಅರೆಯುವಾಗ ಮೊದಲು ಒಣ ಪುಡಿಯಾಗಿ, ನಂತರ ಉಂಡೆಯಾಗಿ, ಕೊನೆಗೆ ತಾನಾಗಿ ಸಡಿಲವಾಗುತ್ತದೆ. ಉಂಡೆಯಾದ ಘಟ್ಟದಲ್ಲಿ ತಾಳ್ಮೆ ತಪ್ಪಿ ನೀರು ಹಾಕಬಾರದು. ಅಂಗಡಿಯ ಪೀನಟ್ ಬಟರ್ ಬಳಸುವವರು ಸಕ್ಕರೆ ಸೇರಿಸದ್ದನ್ನೇ ನೋಡಿ ತರಬೇಕು, ಏಕೆಂದರೆ ಸಿಹಿ ಸೇರಿದರೆ ಈ ಸಾರು ಕೆಟ್ಟಂತೆಯೇ.

ಅರ್ಧ ಕಿಲೊ ಕುರಿ ಅಥವಾ ದನದ ಮಾಂಸದ ತುಂಡುಗಳನ್ನು ಮೂರು ಚಮಚ ಶೇಂಗಾ ಎಣ್ಣೆಯಲ್ಲಿ ಎಲ್ಲ ಬದಿಗೂ ಕೆಂಪಾಗುವಂತೆ ಹುರಿದು ತೆಗೆಯಬೇಕು. ಅದೇ ಎಣ್ಣೆಯಲ್ಲಿ ಹೆಚ್ಚಿದ ಎರಡು ದೊಡ್ಡ ಈರುಳ್ಳಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಸುಂಬಲ ಬಾಡಿದ ಮೇಲೆ ಎರಡು ಚಮಚ ಗಟ್ಟಿ ಟೊಮೆಟೊ ಪೇಸ್ಟ್ ಹಾಕಿ, ಅದರ ಹಸಿ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುವ ವರೆಗೂ ಹುರಿಯಬೇಕು. ಸಾರಿನ ಬಣ್ಣ ನಿರ್ಧಾರವಾಗುವುದು ಈ ಐದು ನಿಮಿಷಗಳಲ್ಲಿ. ನಂತರ ಎರಡು ಹಣ್ಣು ಟೊಮೆಟೊ, ಹುರಿದ ಮಾಂಸ, ಒಂದೂಕಾಲು ಲೀಟರ್ ನೀರು, ಉಪ್ಪು, ಒಂದು ಪಲಾವ್ ಎಲೆ ಸೇರಿಸಿ ಅರ್ಧ ಗಂಟೆ ಕುದಿಸಬೇಕು.

ಈಗ ತಿಗದೆಗೆಯನ್ನು ಸೇರಿಸುವ ಸಮಯ. ಅದನ್ನು ಉಂಡೆಯಾಗಿಯೇ ಪಾತ್ರೆಗೆ ಬಿಟ್ಟರೆ ತಳಕ್ಕೆ ಹೋಗಿ ಅಂಟಿ ಸೀಯುತ್ತದೆ. ಮೊದಲ ಸಲ ನಾನು ಮಾಡಿದ್ದು ಅದನ್ನೇ. ಮೇಲಿನ ಸಾರು ನೋಡಲು ಚೆನ್ನಾಗಿಯೇ ಇತ್ತು, ಒಳಗೆಲ್ಲ ಸೀದ ಶೇಂಗಾದ ಕಹಿ ಹರಡಿತ್ತು, ಆ ಪಾತ್ರೆಯ ತಳವನ್ನು ಉಜ್ಜಲು ಎರಡು ದಿನ ಹಿಡಿಯಿತು. ಸರಿಯಾದ ಕ್ರಮವೆಂದರೆ, ಒಂದು ಬಟ್ಟಲಿನಲ್ಲಿ ತಿಗದೆಗೆಯನ್ನಿಟ್ಟು, ಕುದಿಯುತ್ತಿರುವ ಸಾರನ್ನೇ ಸೌಟಿನಿಂದ ಸ್ವಲ್ಪ ಸ್ವಲ್ಪವಾಗಿ ಸುರಿದು ಮಜ್ಜಿಗೆಯಷ್ಟು ತೆಳ್ಳಗೆ ಕದಡಿ, ಆಮೇಲೆ ಪಾತ್ರೆಗೆ ಹೊಯ್ಯುವುದು. ಆಗ ಸಾರು ತಿಳಿ ಕಂದು ಬಣ್ಣದ ಹಾಲಿನಂತೆ ಕಾಣುತ್ತದೆ. ಉರಿ ಸಣ್ಣಗಿರಬೇಕು, ಮುಚ್ಚಳ ಪೂರ್ತಿ ಮುಚ್ಚಬಾರದು, ಏಕೆಂದರೆ ಇದು ಹಾಲಿನಂತೆಯೇ ಉಕ್ಕುತ್ತದೆ.

ಮುಂದಿನ ನಲವತ್ತು ನಿಮಿಷ ಕಣ್ಣಿಗೆ ಕೆಲಸ. ಮೊದಲು ಸಾರಿನ ಮೇಲೆ ಬರಿಯ ನೊರೆಯಿರುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಕಿತ್ತಳೆ ಬಣ್ಣದ ಎಣ್ಣೆಯ ಚುಕ್ಕೆ ಕಾಣಿಸುತ್ತದೆ, ಅವು ಒಂದಕ್ಕೊಂದು ಕೂಡಿ ನಾಣ್ಯದಷ್ಟಾಗುತ್ತವೆ, ಕೊನೆಗೆ ಸೌಟು ಆಡಿಸಿದ ಕಡೆಯೆಲ್ಲ ಕೆಂಪು ಎಣ್ಣೆ ಹರಿದು ಮತ್ತೆ ಮುಚ್ಚಿಕೊಳ್ಳುತ್ತದೆ. ಸಾರು ಬೆಂದಿದೆ ಎನ್ನಲು ಮಾಲಿಯ ಅಡುಗೆಯವರು ನೋಡುವ ಗುರುತು ಅದೊಂದೇ; ಗಡಿಯಾರವಲ್ಲ. ಎಣ್ಣೆ ಬಿಡುವ ಮೊದಲೇ ಇಳಿಸಿದ ಸಾರಿನಲ್ಲಿ ಶೇಂಗಾದ ಹಸಿತನ ಉಳಿದು ಹೊಟ್ಟೆ ಭಾರವೆನಿಸುತ್ತದೆ. ಈ ನಡುವೆ ಗಟ್ಟಿ ತರಕಾರಿಗಳಾದ ಮರಗೆಣಸು, ಕ್ಯಾರೆಟ್ ಮೊದಲು, ಸಿಹಿಗೆಣಸು ಮತ್ತು ದೊಡ್ಡ ಹೋಳುಗಳಾಗಿ ಸೀಳಿದ ಎಲೆಕೋಸು ನಂತರ ಬೀಳಬೇಕು. ಗುಂಡಗಿನ ಖಾರದ ಮೆಣಸಿನಕಾಯಿಯನ್ನು ಸೀಳದೆ ಇಡಿಯಾಗಿ ತೇಲಿಬಿಟ್ಟು, ಮೆತ್ತಗಾಗಿ ಒಡೆಯುವ ಮೊದಲು ಹುಷಾರಾಗಿ ಎತ್ತಿ ಬೇರೆ ಇಡುತ್ತಾರೆ; ಅದರ ಘಮ ಎಲ್ಲರಿಗೂ, ಖಾರ ಬೇಕಾದವರಿಗೆ ಮಾತ್ರ. ಅನ್ನದೊಡನೆ ಬಡಿಸುವುದು ರೂಢಿ. ಮಾಂಸ ತಿನ್ನದವರು ಅದನ್ನು ಬಿಟ್ಟು ತರಕಾರಿಯನ್ನು ಎರಡರಷ್ಟು ಮಾಡಿದರೂ ಸಾರು ನಿಲ್ಲುತ್ತದೆ, ಏಕೆಂದರೆ ಇದನ್ನು ಹೊತ್ತಿರುವುದು ಶೇಂಗಾ.

ಫೋನಿಯೊ ಮತ್ತು ನದಿಯಾಚೆಯ ಅಡುಗೆಗಳು

ಫೋನಿಯೊವನ್ನು ಬಂಬಾರಾದಲ್ಲಿ ‘ಫಿನಿ’ ಎನ್ನುತ್ತಾರೆ. ಬಿತ್ತಿದ ಆರರಿಂದ ಎಂಟು ವಾರಗಳಲ್ಲಿ ಕೊಯ್ಲಿಗೆ ಬರುವ ತಳಿಗಳಿರುವುದರಿಂದ, ಕಣಜ ಬರಿದಾಗಿ ಸಜ್ಜೆ ಇನ್ನೂ ಹೊಲದಲ್ಲಿರುವ ತಿಂಗಳುಗಳಲ್ಲಿ ಕೈಹಿಡಿಯುವುದು ಇದೇ. ಡೋಗೊನ್ ಜನರ ಸೃಷ್ಟಿಕಥೆಯಲ್ಲಿ ಇಡೀ ಜಗತ್ತು ‘ಪೊ’ ಎಂಬ ಈ ಸಣ್ಣ ಕಾಳಿನಿಂದ ಹೊರಬಂದಿತು. ಇದರ ಹೊಟ್ಟು ತೆಗೆಯುವುದು ಹೆಂಗಸರ ಕೈ ಒಡೆಯುವ ಕೆಲಸವಾಗಿತ್ತು. ಸೆನೆಗಲ್‌ನ ಸನೂಸಿ ಜಕಿತೆ ಅವರು ಅದಕ್ಕೊಂದು ಯಂತ್ರ ಕಂಡುಹಿಡಿದು 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು.

ಬೇಯಿಸುವಾಗ ಗಮನವೆಲ್ಲ ತೊಳೆಯುವುದರ ಮೇಲಿರಬೇಕು. ಕಾಳು ಮರಳಿನ ಗಾತ್ರದ್ದೇ ಆಗಿರುವುದರಿಂದ ಮರಳು ಕಣ್ಣಿಗೆ ಬೀಳದು, ಹಲ್ಲಿಗೆ ಸಿಗುತ್ತದೆ. ಅಗಲ ಬಟ್ಟಲಿನಲ್ಲಿ ನೀರು ಹಾಕಿ ಅಲುಗಿಸಿ, ಮೇಲೆ ತೇಲಿ ಬರುವ ಕಾಳನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಳ್ಳುತ್ತ, ತಳದಲ್ಲಿ ಏನೂ ಉಳಿಯದಾಗುವ ತನಕ ಐದಾರು ಸಲ ಹೀಗೆಯೇ ಮಾಡಬೇಕು. ನೀರು ಬಸಿದ ಕಾಳನ್ನು ತೆಳು ಬಟ್ಟೆ ಹಾಸಿದ ಆವಿಪಾತ್ರೆಯಲ್ಲಿ ಹದಿನೈದು ನಿಮಿಷ ಬೇಯಿಸಿ, ಹರಿವಾಣಕ್ಕೆ ಸುರಿದು, ಗಂಟುಗಳನ್ನು ಬೆರಳಿನಿಂದ ಬಿಡಿಸಿ, ಒಂದು ಲೋಟ ಉಪ್ಪುನೀರನ್ನು ಚಿಮುಕಿಸಿ ಮತ್ತೆ ಹದಿನೈದು ನಿಮಿಷ ಆವಿಗಿಡಬೇಕು. ಕೊನೆಗೆ ಸ್ವಲ್ಪ ಎಣ್ಣೆ ಅಥವಾ ಶಿಯಾ ಎಂಬ ಮರದ ಬೀಜದಿಂದ ತೆಗೆದ ಶಿಯಾ ಬೆಣ್ಣೆ. ಎರಡನೆಯ ಆವಿಗೆ ಮೊದಲು ತರಿತರಿಯಾಗಿ ಕುಟ್ಟಿದ ಶೇಂಗಾವನ್ನು ಬೆರೆಸಿದರೆ ಅದೇ ‘ಜುಕ’ ಎಂಬ ಇನ್ನೊಂದು ತಿಂಡಿ.

ನದಿಯ ಮೇಲಿನ ಅಡುಗೆ ಬೇರೆಯೇ ಒಂದು ಪ್ರಪಂಚ. ಮೊಪ್ತಿಯ ದಡದಲ್ಲಿ ಬೋಜೊ ಮೀನುಗಾರರು ಹಿಡಿದ ಮೀನು ಹೊಗೆಯಾಡಿ ಒಣಗಿ ಇಡೀ ದೇಶಕ್ಕೆ ಹೋಗುತ್ತದೆ. ಅಲ್ಲಿಂದ ಉತ್ತರಕ್ಕೆ ಸಾಗಿ ಟಿಂಬಕ್ಟು, ಗಾವೊ ತಲುಪಿದರೆ ಸೊಂಘಾಯ್ ಜನರ ‘ಫಕೊಯೆ’ ಎದುರಾಗುತ್ತದೆ: ಒಣಗಿಸಿದ ಸೆಣಬಿನ ಎಲೆಯ ಪುಡಿ, ಕುರಿಮಾಂಸ, ದಾಲ್ಚಿನ್ನಿಯಂಥ ಮಸಾಲೆಗಳು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದು ಕಪ್ಪುಹಸಿರಾಗಿ ಅನ್ನದ ಮೇಲೆ ಬರುತ್ತವೆ. ಟಿಂಬಕ್ಟುವಿನ ‘ತುಕಾಸು’ ಎಂಬುದು ಗೋಧಿಹಿಟ್ಟಿನ ಹುದುಗಿದ ಉಂಡೆಗಳನ್ನು ಆವಿಯಲ್ಲಿ ಬೇಯಿಸಿ ಮಾಂಸದ ಸಾರಿಗೆ ಹಾಕಿದ ಊಟ. ಮರುಭೂಮಿಯನ್ನು ದಾಟಿ ಬಂದ ಗೋಧಿ, ಮಸಾಲೆ ಮತ್ತು ಖರ್ಜೂರದ ದಾರಿ ಈ ಊರುಗಳಲ್ಲಿ ಕೊನೆಗೊಳ್ಳುತ್ತಿತ್ತು; ಅದಕ್ಕೇ ದಕ್ಷಿಣದ ಊಟಕ್ಕೂ ಇಲ್ಲಿನದಕ್ಕೂ ಇಷ್ಟು ಅಂತರ.

ಬೀದಿಯ ತಿಂಡಿಗಳಲ್ಲಿ ಅಲಸಂದೆ ಹಿಟ್ಟಿನ ವಡೆಯಂಥ ‘ಶೊ ಫುರುಫುರು’ವನ್ನು ಮರೆಯುವಂತಿಲ್ಲ. ನೆನೆಸಿ ಸಿಪ್ಪೆ ತೆಗೆದ ಅಲಸಂದೆಯನ್ನು ಅರೆದು, ಗಾಳಿ ಸೇರಿ ಹಗುರಾಗುವಂತೆ ಕೈಯಿಂದ ಚೆನ್ನಾಗಿ ಬಡಿದು, ಉಪ್ಪು, ಈರುಳ್ಳಿ ಸೇರಿಸಿ ಕರಿಯುವುದು ಅಷ್ಟೆ. ಅಂದ ಹಾಗೆ ಮಾಲಿಯಲ್ಲಿ ‘ನೀನು ಅಲಸಂದೆ ತಿನ್ನುವವನು’ ಎಂಬುದು ಬಹು ಜನಪ್ರಿಯ ಗೇಲಿ. ಪರಸ್ಪರ ಹಾಸ್ಯ ಮಾಡುವ ಹಕ್ಕು ಪಡೆದ ಮನೆತನಗಳ ನಡುವೆ, ಅದರಲ್ಲೂ ಕುಲಿಬಾಲಿ ಮನೆತನದವರ ಮೇಲೆ, ಈ ಮಾತನ್ನು ಎಸೆಯದೆ ಮಾತುಕತೆ ಶುರುವಾಗುವುದೇ ಅಪರೂಪ, ಯಾರೂ ಅದಕ್ಕೆ ಬೇಸರಿಸುವುದಿಲ್ಲ.

ಬಡಿಸುವ ಬಗೆ

ಅಡುಗೆ ಒಂದೇ ದೊಡ್ಡ ಬಟ್ಟಲಿಗೆ ಬರುತ್ತದೆ, ಜನ ಅದರ ಸುತ್ತ ಕೂರುತ್ತಾರೆ. ಕೈ ತೊಳೆಯುವ ನೀರು ಮೊದಲು ಹಿರಿಯರಿಗೆ. ಬಲಗೈಯಲ್ಲಿ, ತನ್ನ ಮುಂದಿನ ಭಾಗದಿಂದಷ್ಟೇ ತಿನ್ನಬೇಕು. ನಡುವೆ ಇಟ್ಟ ಮಾಂಸಕ್ಕೆ ತಾನಾಗಿ ಕೈಹಾಕುವುದು ಸಭ್ಯತೆಯಲ್ಲ, ಹಿರಿಯರು ಅದನ್ನು ಮುರಿದು ಒಬ್ಬೊಬ್ಬರ ಮುಂದೆ ಹಾಕುತ್ತಾರೆ. ಬಟ್ಟಲು ಅಲುಗದಂತೆ ಅದರ ಅಂಚನ್ನು ಎಡಗೈಯಿಂದ ಹಿಡಿದುಕೊಳ್ಳುವುದು ಕಿರಿಯರ ಪಾಲಿನ ಕೆಲಸ. ಆ ಹೊತ್ತಿಗೆ ಯಾರು ಬಂದರೂ ‘ನ ದುಮುನಿ ಕೆ’, ಅಂದರೆ ಬಾ ಊಟ ಮಾಡು, ಎನ್ನುವುದು ಬರಿಯ ಬಾಯಿಮಾತಲ್ಲ. ಜಾಗ ಸರಿಸಿಯೇ ಹೇಳುತ್ತಾರೆ.

ಗಂಜಿ, ಮೊಸರು, ಪಾನಕ

‘ದೆಗೆ’ ಎಂಬ ಪದ ಇಲ್ಲಿ ಮತ್ತೊಮ್ಮೆ ಬರುತ್ತದೆ, ಈ ಸಲ ಸಜ್ಜೆಯ ರೂಪದಲ್ಲಿ. ಸಜ್ಜೆಯ ಹಿಟ್ಟಿಗೆ ನೀರು ಚಿಮುಕಿಸುತ್ತ ಸೋರೆಬುರುಡೆಯ ಬಟ್ಟಲಿನಲ್ಲಿ ಬೆರಳ ತುದಿಯಿಂದ ತಿರುಗಿಸಿದರೆ ಸಾಬಕ್ಕಿಗಿಂತ ಸಣ್ಣ ಕಾಳುಗಳಾಗುತ್ತವೆ. ಅವನ್ನು ಆವಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ಆರಿಸಿ, ಗಟ್ಟಿ ಮೊಸರು ಮತ್ತು ಸಕ್ಕರೆಯೊಡನೆ ಕಲಸಿ ತಣ್ಣಗೆ ಕುಡಿಯುತ್ತಾರೆ ಅಥವಾ ತಿನ್ನುತ್ತಾರೆ. ಹಾಲು ಮೊಸರು ಫುಲಾನಿ ದನಗಾಹಿಗಳಿಂದ ಬರುವುದು. 1352ರಲ್ಲಿ ಸಹಾರಾ ದಾಟಿ ಮಾಲಿ ಸಾಮ್ರಾಜ್ಯಕ್ಕೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತನಿಗೆ ಗಡಿಯ ಊರಾದ ವಲಾಟದಲ್ಲಿ ಸಿಕ್ಕ ಮೊದಲ ಸತ್ಕಾರವೂ ಜೇನು ಮತ್ತು ಹಾಲು ಬೆರೆಸಿದ ಕುಟ್ಟಿದ ಸಜ್ಜೆಯೇ. ಮುಂದೆ ರಾಜಧಾನಿಯಲ್ಲಿ ದೊರೆ ಮನ್ಸಾ ಸುಲೇಮಾನ್ ಕಳುಹಿಸಿದ ಉಡುಗೊರೆ ಬಂದಿದೆ ಎಂದಾಗ ಆತ ಬೆಲೆಬಾಳುವ ಉಡುಪನ್ನು ನಿರೀಕ್ಷಿಸಿ ಎದ್ದು ನಿಂತ. ಬಂದದ್ದು ಮೂರು ರೊಟ್ಟಿ, ಶಿಯಾ ಎಣ್ಣೆಯಲ್ಲಿ ಹುರಿದ ಒಂದು ತುಂಡು ದನದ ಮಾಂಸ, ಒಂದು ಬುರುಡೆ ಮೊಸರು. ಆತ ನಕ್ಕುಬಿಟ್ಟ. ಇಂದಿನ ಓದುಗರಿಗೆ ಆ ಪಟ್ಟಿ ಮಾಲಿಯ ಅಡುಗೆಮನೆಯ ಅಮೂಲ್ಯ ದಾಖಲೆ.

ರಮ್ಜಾನ್ ತಿಂಗಳಲ್ಲಿ ಉಪವಾಸ ಬಿಡಲು ‘ಮೊನಿ’ ಎಂಬ ಗಂಜಿ ಬೇಕೇ ಬೇಕು. ಸಜ್ಜೆ ಹಿಟ್ಟಿನ ಇಂಥದೇ ಸಣ್ಣ ಉಂಡೆಗಳನ್ನು ಕುದಿಯುವ ನೀರಿಗೆ ಬಿಟ್ಟು, ಅವು ಬೆಂದ ಮೇಲೆ ನೀರಿನಲ್ಲಿ ಕಲಸಿದ ಒಂದು ಹಿಡಿ ಹಿಟ್ಟಿನಿಂದ ಮಂದ ಮಾಡಿ, ಹುಣಸೆ ರಸ ಅಥವಾ ನಿಂಬೆಯ ಹುಳಿ ಮತ್ತು ಸಕ್ಕರೆ ಸೇರಿಸುತ್ತಾರೆ. ಹುಳಿಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು.

ಪಾನಕಗಳಲ್ಲಿ ಎರಡನ್ನು ಕಲಿತರೆ ಉಳಿದವು ತಾವಾಗಿ ಬರುತ್ತವೆ. ‘ದಬಿಲೆನಿ’ ಎಂದರೆ ಕೆಂಪು ಪುಂಡಿ. ಅದರ ಹೂವಿನ ಒಣಗಿದ ಕೆಂಪು ಪುಷ್ಪಪಾತ್ರೆಗಳನ್ನು ಬಳಸುತ್ತಾರೆ. 100 ಗ್ರಾಂನಷ್ಟನ್ನು ತಣ್ಣೀರಿನಲ್ಲಿ ಬೇಗನೆ ಒಮ್ಮೆ ತೊಳೆದು, ಮೂರು ಲೀಟರ್ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಒಂದು ಹಿಡಿ ಪುದೀನ ಹಾಕಿ ಮುಚ್ಚಿ ಆರಲು ಬಿಡಬೇಕು. ಹೆಚ್ಚು ಕುದಿಸಿದರೆ ಬಣ್ಣ ಇನ್ನಷ್ಟು ಬರುವುದಿಲ್ಲ, ಒಗರು ಮಾತ್ರ ಬರುತ್ತದೆ. ಸೋಸಿ, 250 ರಿಂದ 300 ಗ್ರಾಂ ಸಕ್ಕರೆ ಕರಗಿಸಿ ತಣ್ಣಗೆ ಮಾಡಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ.

‘ನ್ಯಾಮಕುಜಿ’ಗೆ ಒಲೆಯೇ ಬೇಡ. 250 ಗ್ರಾಂ ಹಸಿ ಶುಂಠಿಯನ್ನು ತೊಳೆದು ಸಿಪ್ಪೆ ಹೆರೆದು ಒರಳಿನಲ್ಲಿ ಜಜ್ಜಿ, ಎರಡು ಲೀಟರ್ ನೀರಿನಲ್ಲಿ ಕಿವುಚಿ ಒಂದು ಗಂಟೆ ಬಿಟ್ಟು, ದಟ್ಟ ಬಟ್ಟೆಯಲ್ಲಿ ಹಿಂಡಿ ಸೋಸಬೇಕು. ಪಾತ್ರೆಯನ್ನು ಅಲುಗಿಸದೆ ಇಟ್ಟರೆ ತಳದಲ್ಲಿ ಬಿಳಿಯ ಗಸಿ ಇಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು ಎರಡು ನಿಂಬೆಹಣ್ಣಿನ ರಸ, 200 ಗ್ರಾಂ ಸಕ್ಕರೆ ಸೇರಿಸಬೇಕು. ಗಸಿಯೂ ಸೇರಿಹೋದರೆ ಪಾನಕ ಗಂಟಲನ್ನು ಕೆರೆಯುತ್ತದೆ. ಬಮಾಕೊದ ಬೀದಿಗಳಲ್ಲಿ ಇವೆರಡನ್ನೂ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಮಾರುತ್ತಾರೆ. ಚೀಲದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹೀರುವುದು. ಹುಣಸೆಯ ನೀರೂ, ಬಾವೊಬಾಬ್ ಹಣ್ಣಿನ ಬಿಳಿ ಹುಳಿಪುಡಿಯನ್ನು ಹಾಲಿನಲ್ಲೋ ನೀರಿನಲ್ಲೋ ಕದಡಿದ ಪಾನಕವೂ ಇದೇ ದಾರಿಯವು. ಬಹುಪಾಲು ಜನ ಮುಸ್ಲಿಮರಾದ ದೇಶದಲ್ಲಿ ಮೊಳಕೆ ಕಟ್ಟಿದ ಧಾನ್ಯದ ಬಿಯರ್ ಡೋಗೊನ್ ನಾಡಿನಂಥ ಕೆಲವು ಕಡೆ ಮಾತ್ರ ಉಳಿದಿದೆ.

ಮೂರು ಸುತ್ತಿನ ಚಹಾ

ಊಟದ ನಂತರದ ಚಹಾಕ್ಕೆ ಸಣ್ಣ ಎನಾಮಲ್ ಕೆಟಲ್, ಕೈಯಗಲದ ಇದ್ದಿಲ ಒಲೆ, ಎರಡು ಮೂರು ಪುಟ್ಟ ಗಾಜಿನ ಲೋಟ, ಚೀನಾದಿಂದ ಬರುವ ಗುಂಡುಗುಂಡಾಗಿ ಸುರುಳಿಗೊಂಡ ಹಸಿರು ಚಹಾ, ಸಕ್ಕರೆ ಮತ್ತು ಪುದೀನ ಬೇಕು. ಗೆಳೆಯರು ದಿನವೂ ಒಂದೇ ಜಾಗದಲ್ಲಿ ಕುಳಿತು ಇದನ್ನು ಕಾಯಿಸುವ ಕೂಟಕ್ಕೆ ‘ಗ್ರಿನ್’ ಎನ್ನುತ್ತಾರೆ; ರಾಜಕೀಯ, ಫುಟ್‌ಬಾಲ್, ಮದುವೆ ಎಲ್ಲದರ ಚರ್ಚೆ ನಡೆಯುವುದು ಅಲ್ಲೇ.

25 ಗ್ರಾಂ ಚಹಾ ಎಲೆಯನ್ನು ಸುಮಾರು 300 ಮಿಲಿಲೀಟರ್ ನೀರಿನೊಡನೆ ಕೆಟಲಿಗೆ ಹಾಕಿ, ಇದ್ದಿಲ ಕೆಂಡದ ಮೇಲೆ ಹದಿನೈದು ನಿಮಿಷ ಮೆಲ್ಲಗೆ ಕುದಿಸಬೇಕು. ನಂತರ ಒಂದು ಲೋಟದಲ್ಲಿ ಸಕ್ಕರೆಯಿಟ್ಟು ಚಹಾವನ್ನು ಅದರ ಮೇಲೆ ಸುರಿದು, ಲೋಟದಿಂದ ಕೆಟಲಿಗೆ, ಕೆಟಲಿನಿಂದ ಲೋಟಕ್ಕೆ ಕೈಯಷ್ಟೆತ್ತರದಿಂದ ತೆಳ್ಳನೆಯ ಧಾರೆಯಾಗಿ ಮತ್ತೆ ಮತ್ತೆ ಹೊಯ್ಯುತ್ತಾರೆ. ಸಕ್ಕರೆ ಕರಗುವುದಕ್ಕಷ್ಟೇ ಅಲ್ಲ, ನೊರೆಗಾಗಿ. ಲೋಟದ ಕಾಲು ಭಾಗವಾದರೂ ಗಟ್ಟಿ ನೊರೆ ನಿಲ್ಲದ ಚಹಾವನ್ನು ಕೊಡಲು ಮಾಡಿದವನಿಗೇ ನಾಚಿಕೆ. ಲೋಟಗಳು ಎರಡೋ ಮೂರೋ ಇರುವುದರಿಂದ ಒಬ್ಬರು ಸದ್ದುಮಾಡಿ ಹೀರಿ ಮುಗಿಸಿ ಹಿಂದಿರುಗಿಸಿದ ಮೇಲೆಯೇ ಮುಂದಿನವರ ಸರದಿ.

ಎರಡನೆಯ ಸುತ್ತಿಗೆ ಎಲೆಯನ್ನು ಬದಲಿಸುವುದಿಲ್ಲ. ಅದೇ ಕೆಟಲಿಗೆ ಹೊಸ ನೀರು, ಮೊದಲಿಗಿಂತ ಹೆಚ್ಚು ಸಕ್ಕರೆ, ಒಂದು ಕಡ್ಡಿ ಪುದೀನ. ಮೂರನೆಯದಕ್ಕೆ ಮತ್ತೆ ನೀರು, ಮತ್ತಷ್ಟು ಸಕ್ಕರೆ, ಕೈತುಂಬ ಪುದೀನ. ಮೊದಲನೆಯದು ಸಾವಿನಂತೆ ಕಹಿ, ಎರಡನೆಯದು ಬದುಕಿನಂತೆ ಹದ, ಮೂರನೆಯದು ಪ್ರೀತಿಯಂತೆ ಸಿಹಿ ಎಂದು ಅಲ್ಲಿ ಹೇಳುವ ಮಾತು ಕೇಳುವುದಕ್ಕೆ ಕವಿತೆಯಂತಿದ್ದರೂ ಎಲೆಯ ಕಹಿ ಇಳಿದು ಸಕ್ಕರೆ ಏರುವುದರ ನಿಖರ ವರ್ಣನೆಯೂ ಹೌದು. ಮೂರೂ ಸುತ್ತು ಮುಗಿಯಲು ಎರಡು ಗಂಟೆಯಾದರೂ ಬೇಕು. ಮೊದಲ ಲೋಟದ ಚಹಾ ಖಾಲಿ ಹೊಟ್ಟೆಗೆ ಬಹಳ ತೀಕ್ಷ್ಣ, ಆದ್ದರಿಂದ ಅಭ್ಯಾಸವಿಲ್ಲದವರು ಊಟವಾದ ಮೇಲೆಯೇ ಕುಳಿತುಕೊಳ್ಳುವುದು ಒಳ್ಳೆಯದು. ಬೇಗ ಹೊರಡಬೇಕಾದವರು ಒಲೆಗೆ ಇದ್ದಿಲು ಹಾಕುವ ಮೊದಲೇ ತಿಳಿಸಿಬಿಡಬೇಕು, ನಡುವೆ ಎದ್ದರೆ ಉಳಿದ ಎರಡು ಲೋಟಗಳ ಲೆಕ್ಕ ತಪ್ಪುತ್ತದೆ.